ಬರಬೇಕಾದದ್ದು ಎರಡು, ಬಂದದ್ದು ಪಾಯಿಂಟ್ ನಾಲ್ಕು

ಡ್ರಿಪ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದವನು ಆ ಮಗುವಿನ ಸೋದರಮಾವ. ಅದಕ್ಕೆ ಸ್ವಲ್ಪ ಹೊತ್ತಿನ ಮೊದಲು ಅವನೇ ಮಗುವನ್ನು ಎದೆಗೆ ಅವಚಿಕೊಂಡು, ಚಪ್ಪಲಿ ಎಲ್ಲೋ ಕಳಚಿಹೋದ ಕಾಲಲ್ಲಿ, ಆಸ್ಪತ್ರೆಯ ಮೆಟ್ಟಿಲು ಹತ್ತಿ ಓಡಿಬಂದಿದ್ದ. ಎಂಟು ಕೆಜಿ ತೂಗುವ ಹೆಣ್ಣುಕೂಸು. ಜ್ವರ ಏರಿ ಫಿಟ್ಸ್ ಬಂದಿತ್ತು. ಅವನ ಹಿಂದೆ ತಾಯಿ, ಅವಳ ಕೈಯಲ್ಲಿ ಒಂದು ಒದ್ದೆ ಟವೆಲ್.

ನಾನು ಆ ವಾರ್ಡಿನಲ್ಲಿದ್ದದ್ದು ಕೆಲಸದ ಮೇಲೆ. ಎರಡು ಸಾವಿರದ ಎಂಟರ ಸುಮಾರಿನ ಮಾತು. ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್‌ನ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ ಇತ್ತು. ಬೆರಳೆಣಿಕೆಯ ಜನ. ಮಕ್ಕಳ ಆಸ್ಪತ್ರೆಯೊಂದಕ್ಕೆ ನಾವು ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆವು. ನರ್ಸು ಮಗುವಿನ ತೂಕ ಹೊಡೆದು ಔಷಧಿಯ ಹೆಸರು ಆರಿಸಿದರೆ, ಸಿರಿಂಜಿಗೆ ಎಷ್ಟು ಎಂಎಲ್ ಎಳೆಯಬೇಕು ಎಂದು ಪುಟ ಹೇಳುತ್ತಿತ್ತು. ಲೆಕ್ಕವೆಲ್ಲ ಜಾವಾಸ್ಕ್ರಿಪ್ಟಿನಲ್ಲಿ. ಅವತ್ತು ನಾನು ವಾರ್ಡಿನ ಕೊನೆಯ ಮೇಜಿನಲ್ಲಿ ಕೂತು, ಹೊಸದಾಗಿ ಸೇರಿದ ನರ್ಸುಗಳಿಗೆ ಆ ಪುಟವನ್ನು ತೋರಿಸುತ್ತಿದ್ದೆ.

ಮಗುವನ್ನು ನೋಡಿಕೊಂಡವರು ವಾರ್ಡಿನ ಹಿರಿಯ ನರ್ಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ. ಫಿಟ್ಸ್ ನಿಲ್ಲಿಸುವ ಔಷಧಿಯ ವಯಲ್, ಆ ಪುಟ್ಟ ಗಾಜಿನ ಬಾಟಲಿ, ಆ ವಾರವಷ್ಟೇ ಬದಲಾಗಿತ್ತು. ಹೊಸದು ಹಳೆಯದಕ್ಕಿಂತ ಐದು ಪಟ್ಟು ತೀಕ್ಷ್ಣ. ಅವರು ಪರದೆ ನೋಡಿ, ಪಕ್ಕದಲ್ಲಿದ್ದ ಡ್ಯೂಟಿ ಡಾಕ್ಟರಿಗೆ ಹೇಳಿದ್ದು ನನಗೂ ಕೇಳಿಸಿತು.

"ಎರಡು ಎಂಎಲ್ ತೋರಿಸ್ತಿದೆ ಡಾಕ್ಟ್ರೇ. ಹೊಸ ವಯಲ್‌ಗೆ ಜಾಸ್ತಿ ಅನ್ಸುತ್ತೆ."

"ಹೊಸ ವಯಲ್‌ನೂ ಅದರಲ್ಲಿ ಸೇರಿಸಿದ್ದಾರಲ್ಲ ಸಿಸ್ಟರ್. ಕೊಡಿ, ಮಗು ಬಣ್ಣ ನೋಡಿ."

ಕೊಟ್ಟರು. ಫಿಟ್ಸ್ ನಿಂತಿತು. ತಾಯಿ ಗೋಡೆಗೆ ಒರಗಿ ಉಸಿರು ಬಿಟ್ಟಳು. ಆಮೇಲೆ ಮಗುವಿನ ಎದೆ ಏಳುವುದು ನಿಧಾನವಾಯಿತು, ಮತ್ತೂ ನಿಧಾನವಾಯಿತು, ತುಟಿ ನೀಲಿಗೆ ತಿರುಗಿತು. ಡಾಕ್ಟರು ಕೂಗಿದರು. ದೊಡ್ಡ ಸಿಸ್ಟರ್ ಗಾಳಿ ತುಂಬುವ ರಬ್ಬರ್ ಚೀಲದ ಮುಖವಾಡವನ್ನು ಮಗುವಿನ ಮೂತಿಗೆ ಒತ್ತಿಹಿಡಿದು ಅದುಮತೊಡಗಿದರು.

"ಏನ್ ಚುಚ್ಚುದ್ರಿ?" ಸೋದರಮಾವ ಕೇಳಿದ. ಮೊದಲು ಮೆಲ್ಲಗೇ ಕೇಳಿದ. "ಕೂಸ್ಗೆ ಏನ್ ಚುಚ್ಚುದ್ರಿ ಅಂತ ಕೇಳ್ತಿವ್ನಿ."

ಅವನ ಮೊದಲ ಏಟು ಕಂಪ್ಯೂಟರಿಗೆ ಬಿತ್ತು. ಡಬ್ಬಿಯಂಥ ಹಳೆಯ ಮಾನಿಟರು, ಗಾಜು ಒಡೆದು ವಾರ್ಡೆಲ್ಲ ಚೆಲ್ಲಿತು. ಪಕ್ಕದ ಮಂಚದ ಮಕ್ಕಳು ಕಿರುಚಿಕೊಂಡವು. ಎರಡನೆಯ ಏಟು ಸಿಸ್ಟರ್ ಭುಜಕ್ಕೆ. ಒಣಗಿದ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವರ ಬಲಗೈ ಜೋತುಬಿತ್ತು. ಎಡಗೈಯಲ್ಲಿ ಚೀಲ ಅದುಮುವುದನ್ನು ಮಾತ್ರ ಅವರು ಬಿಡಲಿಲ್ಲ. "ಹೊಡಿ, ಹೊಡಿ. ನಾನು ಕೈ ಬಿಟ್ರೆ ಇದು ಸತ್ತೋಗುತ್ತೆ, ಹೊಡಿ," ಎಂದರು. ಅವನು ಹೊಡೆದ. ತಲೆಯ ಮೇಲೆ. ಅವರ ಬಿಳಿ ಟೋಪಿ ಕೆಂಪಾಯಿತು. ಡಾಕ್ಟರು ಮುಖವಾಡ ಹಿಡಿದುಕೊಳ್ಳಲು ಬಾಗಿದರು. ನಾನು ಓಡಿಹೋಗಿ ಅವನ ಅಂಗಿಯ ಹಿಂಬದಿ ಹಿಡಿದೆ. ನೊಣ ಕೊಡವಿದ ಹಾಗೆ ಕೊಡವಿದ. ಬಿದ್ದಾಗ ಗಾಜು ನನ್ನ ಬಲ ಅಂಗೈ ಹೊಕ್ಕಿತು. ಕಾವಲುಗಾರರು ಬಂದು ಅವನನ್ನು ನೆಲಕ್ಕೆ ಕೆಡವಿ ಬೂಟುಗಾಲಲ್ಲಿ ಒದ್ದರು, ಅವನು ಸುಮ್ಮನಾದ ಮೇಲೂ ಒದ್ದರು. ತಾಯಿ ಅದೇ ಒದ್ದೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಮಗುವನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ಸಾಯಲಿಲ್ಲ.

ನಮ್ಮ ಕಂಪನಿಯ ಯಜಮಾನರು ಹುಡುಗತನದಲ್ಲಿ ಗರಡಿಯಲ್ಲಿ ಮಣ್ಣು ಹಿಡಿದವರು. ಕುಸ್ತಿ ಆಡಿ ಆಡಿ ಮುದುರಿದ ಕಿವಿಗಳು, ಕುರ್ಚಿಯ ತುಂಬ ತುಂಬಿಕೊಳ್ಳುವ ಮೈ. ಓದಿ ಇಂಜಿನಿಯರಾದ ಮೇಲೂ ಕೈ ಹಗುರಾಗಿರಲಿಲ್ಲ. ಸಿಟ್ಟು ಬಂದರೆ ಕೀಬೋರ್ಡು ಎತ್ತಿ ಗೋಡೆಗೆ ಎಸೆಯುವರು, ಸಿಪಿಯು ಒದೆಯುವರು, ಗಂಡು ಹುಡುಗರ ತಲೆಯ ಹಿಂದಕ್ಕೆ ಫಟ್ ಎಂದು ಕೊಡುವರು. ನಾವು ಅದಕ್ಕೆ ಒಗ್ಗಿಹೋಗಿದ್ದೆವು, ಕ್ಯಾಂಟೀನಿನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಅವರಿಗೆ ಟೆಸ್ಟ್, ಅಂದರೆ ಪ್ರೋಗ್ರಾಮಿನ ಉತ್ತರ ಸರಿಯಿದೆಯೇ ಎಂದು ತಾನಾಗಿ ಪರೀಕ್ಷಿಸುವ ಸಾಲುಗಳು, ಬರೆಯುವ ಹುಚ್ಚು. ಊರಲ್ಲಿ ಯಾರೂ ಜಾವಾಸ್ಕ್ರಿಪ್ಟಿಗೆ ಟೆಸ್ಟ್ ಬರೆಯದಿದ್ದ ಕಾಲದಲ್ಲಿ ಅವರು ಬರೆಯುತ್ತಿದ್ದರು. ಔಷಧಿಯ ಲೆಕ್ಕಕ್ಕಂತೂ ಟೆಸ್ಟುಗಳನ್ನು ಬೇರೆಯವರಿಗೆ ಬಿಡದೆ ತಾವೇ ಬರೆದಿದ್ದರು. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಪಟ್ಟಿ, ಒಂದು ತಪ್ಪಿದರೂ ಕೆಂಪು. ಹಸಿರಾಗದೆ ಒಂದು ಸಾಲೂ ಆಸ್ಪತ್ರೆಗೆ ಹೋಗಕೂಡದು ಎಂಬುದು ಅವರ ಕಟ್ಟಪ್ಪಣೆ.

ಮಾರನೆಯ ಬೆಳಿಗ್ಗೆ ನಾನು ಹೊಲಿಗೆ ಹಾಕಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಫೀಸಿಗೆ ಹೋಗುವಷ್ಟರಲ್ಲಿ ಅವರು ಆಗಲೇ ಬಂದಿದ್ದರು. ಹೊಸ ವಯಲ್ಲಿನ ಲೆಕ್ಕ ಬರೆದವನು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ನಂಜನಗೂಡಿನ ಕಡೆಯ ರೈತರ ಮನೆಯವನು, ಸಿದ್ಧಾರ್ಥನಗರದಲ್ಲಿ ರೂಮು ಮಾಡಿಕೊಂಡಿದ್ದ, ನನಗಿಂತ ಒಂದೆರಡು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಯಜಮಾನರು ಅವನ ಕುರ್ಚಿಯ ಹಿಂದೆ ನಿಂತಿದ್ದರು.

"ಟೆಸ್ಟ್ ಬರ್ದಿದ್ನಲ್ಲೋ ನಾನು. ಕೆಂಪು ಬಂದಿರ್ಬೇಕಲ್ಲ?"

"ಬಂತು ಸರ್."

"ಬಂದಿದ್ದು ಹೆಂಗೋ ಹಸಿರಾಯ್ತು?"

ಅವನು ಬಾಯಿ ತೆರೆದ. ಹೇಳಲು ಬಿಡಲಿಲ್ಲ. ಅಗಲವಾದ ಅಂಗೈ ಅವನ ಎಡಗಿವಿಗೆ ಬಿತ್ತು, ತಲೆ ಮೇಜಿಗೆ ಬಡಿಯಿತು. ಎದ್ದು ನಿಂತವನ ಬೆನ್ನಿಗೆ ಕೀಬೋರ್ಡು. ಗುಂಡಿಗಳು ಹುರಿಗಡಲೆಯಂತೆ ನೆಲದ ತುಂಬ ಉದುರಿದವು. ಕುತ್ತಿಗೆಪಟ್ಟಿ ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದರು. "ಕೂಸು ಸಾಯ್ತಿತ್ತಲ್ಲೋ. ಹಸಿರು ಮಾಡ್ಬುಟ್ಯಲ್ಲೋ," ಅದೊಂದೇ ಮಾತು, ಪ್ರತಿ ಏಟಿಗೂ. ನಾನು ಅವರ ತೋಳಿಗೆ ಜೋತುಬಿದ್ದೆ. ಬಾಗಿಲ ಚೌಕಟ್ಟಿಗೆ ನನ್ನ ಬೆನ್ನು ಬಡಿಯಿತು. ಹುಡುಗ ಮೆಟ್ಟಿಲ ಮೇಲಿಂದ ಉರುಳಿದ. ಕೆಳಗೆ ಟ್ಯುಟೋರಿಯಲ್‌ಗೆ ಬಂದಿದ್ದ ವಿದ್ಯಾರ್ಥಿಗಳು ಪುಸ್ತಕ ಹಿಡಿದುಕೊಂಡು ಸರಿದು ದಾರಿ ಬಿಟ್ಟರು. ಅವರಲ್ಲೊಬ್ಬಳು ಆಟೋ ಕರೆದಳು.

ಅವನ ಕಿವಿಯ ತಮಟೆ ಹರಿದಿತ್ತು. ಹಲ್ಲೊಂದು ಅಲ್ಲಾಡುತ್ತಿತ್ತು. ಕ್ಲಿನಿಕ್ಕಿನ ಬೆಂಚಿನ ಮೇಲೆ ನಾನು ಅವನ ಬಲಗಡೆ ಕೂತೆ, ಎಡಗಡೆಯಿಂದ ಹೇಳಿದ್ದು ಅವನಿಗೆ ಕೇಳುತ್ತಿರಲಿಲ್ಲ.

"ಯಾಕೋ ಹಾಗೆ ಮಾಡ್ದೆ?" ಎಂದೆ.

"ಟೆಸ್ಟೇ ಹಂಗ್ ಹೇಳ್ತು ಅಕ್ಕ," ಎಂದ. ತುಟಿ ಊದಿ ಮಾತು ತೊದಲುತ್ತಿತ್ತು. "ಕೆಂಪು ಬಂತು. ಓದ್ದೆ. ಬರಬೇಕಾದದ್ದು ಎರಡು, ಬಂದದ್ದು ಪಾಯಿಂಟ್ ನಾಲ್ಕು ಅಂತ ಇಂಗ್ಲಿಷಲ್ಲಿ ಇತ್ತು. ಪುಟ ತೆಗ್ದು ನೋಡುದ್ರೆ ಎರಡೇ ಬರ್ತಿದೆ. ಸರಿ, ಪುಟ ಸರಿಗಿದೆ, ಟೆಸ್ಟ್ ಒಳಗಿರೋ ಪಾಯಿಂಟ್ ನಾಲ್ಕು ಯಾವ್ದೋ ಹಳೇದು ಇರ್ಬೇಕು ಅನ್ಕೊಂಡೆ. ಅದನ್ನ ಎರಡು ಮಾಡ್ದೆ. ಹಸಿರಾಯ್ತು."

"ಸರ್‌ಗೆ ಒಂದ್ ಮಾತು ಕೇಳ್ಬೋದಿತ್ತಲ್ಲ?"

ಅವನು ನನ್ನ ಮುಖ ನೋಡಿದ. ಆ ಮನುಷ್ಯನ ಹತ್ತಿರ ಹೋಗಿ ನಿಮ್ಮ ಟೆಸ್ಟು ಸರಿಯಿಲ್ಲ ಅನ್ನಿಸುತ್ತೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಓದುವವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಆಗ ಬಳಸುತ್ತಿದ್ದ ಟೆಸ್ಟ್ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಸಲಕರಣೆಯಲ್ಲಿ, ಹೋಲಿಸಿ ನೋಡಲು ಅಸರ್ಟ್ ಈಕ್ವಲ್ಸ್ ಎಂಬ ಒಂದು ಪದ. ಅದರ ಮುಂದೆ ಕಂಸದಲ್ಲಿ ಎರಡು ಜಾಗ. ಮೊದಲ ಜಾಗದಲ್ಲಿ ಬರಬೇಕಾದ ಉತ್ತರ, ಎರಡನೆಯದರಲ್ಲಿ ಪ್ರೋಗ್ರಾಮು ಕೊಟ್ಟ ಉತ್ತರ. ಆದರೆ ಯಾವುದು ಯಾವ ಜಾಗಕ್ಕೆ ಎಂದು ಆ ಪದವನ್ನು ಎಷ್ಟು ಸಲ ಓದಿದರೂ ತಿಳಿಯುವುದಿಲ್ಲ, ನೆನಪಿಟ್ಟುಕೊಳ್ಳಬೇಕು. ತಿರುಗಿಸಿ ಬರೆದರೂ ಎರಡೂ ಒಂದೇ ಆಗಿರುವ ತನಕ ಹಸಿರೇ ತೋರಿಸುತ್ತದೆ. ಬೇರೆಯಾದ ದಿನ ಮಾತ್ರ ಅದರ ಬಾಯಿಂದ ಸುಳ್ಳು ಹೊರಡುತ್ತದೆ, ಸರಿಯಾದದ್ದನ್ನು ತಪ್ಪು, ತಪ್ಪನ್ನು ಸರಿ ಎನ್ನುತ್ತದೆ. ಹುಡುಗ ಹೊಸ ವಯಲ್ಲಿಗೆ ಐದರಿಂದ ಭಾಗಿಸುವುದನ್ನು ಮರೆತಿದ್ದ, ಅದು ಅವನ ತಪ್ಪು. ಅದನ್ನು ಹಿಡಿಯಲೆಂದು ಬರೆದ ಟೆಸ್ಟು ಹಿಡಿಯಿತು ಕೂಡ. ಹಿಡಿದು, ತಿರುಗಾಮುರುಗಾ ಹೇಳಿತು. ಎಂಟು ಕೆಜಿಗೆ ಬರಬೇಕಾದದ್ದು ಪಾಯಿಂಟ್ ನಾಲ್ಕು, ಬಂದದ್ದು ಎರಡು. ಆ ಟೆಸ್ಟು ಬರೆದವರು ಯಜಮಾನರೇ.

ಇದನ್ನು ಹೇಳಲೇಬೇಕಾಗಿತ್ತು, ಹೇಳುವವರು ನಾನು ಬಿಟ್ಟು ಇನ್ನಾರೂ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆಫೀಸಿಗೆ ವಾಪಸ್ಸು ಹೋದೆ. ಉಳಿದವರು ಮನೆಗೆ ಹೋಗಿಬಿಟ್ಟಿದ್ದರು. ಯಜಮಾನರು ಒಬ್ಬರೇ, ಒಡೆದ ಕೀಬೋರ್ಡಿನ ಗುಂಡಿಗಳನ್ನು ಕಾಲಲ್ಲಿ ಒತ್ತಟ್ಟಿಗೆ ಸರಿಸುತ್ತಿದ್ದರು. ಹಳೆಯ ಟೆಸ್ಟನ್ನು ಅವರು ಬರೆದ ಹಾಗೆಯೇ ಮತ್ತೆ ಓಡಿಸಿದೆ. ಕೆಂಪು ಬಂತು.

"ಓದಿ ಸರ್."

ಓದಿದರು. ಮತ್ತೆ ಓದಿದರು.

"ನೀವು ತಿರುಗಿಸಿ ಬರೆದಿದ್ದೀರಿ," ಎಂದೆ. "ಅವನು ಅದನ್ನ ನಂಬಿದ."

ಅವರ ಮುದುರಿದ ಕಿವಿಗಳು ಕೆಂಪಾದವು. "ನನ್ ತಲೆ ಮೇಲೆ ಹಾಕಕ್ ಬಂದ್ಬುಟ್ಟೇನಮ್ಮ?" ಎನ್ನುತ್ತ ನನ್ನ ಬಲಗೈ ಹಿಡಿದರು, ಪಟ್ಟಿ ಕಟ್ಟಿದ ಕೈ. ಹಿಡಿದು ಅದುಮಿದರು. ಹೊಲಿಗೆ ಬಿಚ್ಚಿಕೊಂಡದ್ದು ಗೊತ್ತಾಯಿತು, ಬಿಸಿಬಿಸಿಯಾಗಿ ಮಣಿಕಟ್ಟಿಗೆ ಇಳಿಯಿತು. ಅವರ ಕಣ್ಣಲ್ಲಿ ನಾನು ಇರಲೇ ಇಲ್ಲ. ಹಿಂದಿನ ದಿನ ವಾರ್ಡಿನಲ್ಲಿ ಸ್ಟ್ಯಾಂಡ್ ಎತ್ತಿದವನ ಕಣ್ಣುಗಳೂ ಹಾಗೇ ಇದ್ದವು. ಮೇಜಿನ ಮೇಲೆ ನನ್ನ ಸ್ಟೀಲಿನ ಊಟದ ಡಬ್ಬಿ ಇತ್ತು, ಬೆಳಿಗ್ಗೆ ತಂದದ್ದು, ಅನ್ನ ಹುಳಿ ಹಾಗೇ ತುಂಬಿತ್ತು. ಎಡಗೈಯಲ್ಲಿ ಎತ್ತಿ ಅವರ ಮುಖಕ್ಕೆ ಹೊಡೆದೆ. ಮುಚ್ಚಳ ಹಾರಿತು. ಇನ್ನೊಮ್ಮೆ ಹೊಡೆದೆ. ಅದು ಕೈಬಿಡಿಸಿಕೊಳ್ಳಲಲ್ಲ, ಕೈ ಆಗಲೇ ಬಿಟ್ಟಿದ್ದರು. ಹುಬ್ಬು ಸೀಳಿ ರಕ್ತವೂ ಹುಳಿಯೂ ಕೆನ್ನೆಯ ಮೇಲೆ ಒಟ್ಟಿಗೆ ಹರಿದವು. ನನಗೆ ಅದು ಹಿತವಾಗಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯೇನೂ ಇಲ್ಲ.

ಅವರು ನೆಲದ ಮೇಲೆ ಕೂತರು. ಅಷ್ಟು ದೊಡ್ಡ ಮೈ ಹಾಗೆ ಕುಸಿದು ಕೂತದ್ದನ್ನು ನಾನು ಕಂಡಿರಲಿಲ್ಲ. ತೋಳಿನಲ್ಲಿ ಹುಬ್ಬು ಒತ್ತಿಕೊಂಡು ಬಹಳ ಹೊತ್ತು ಪರದೆಯ ಕಡೆಗೇ ನೋಡಿದರು.

"ಬರ್ಬೇಕಾಗಿದ್ದು ಯಾವ್ದು, ಬಂದಿದ್ದು ಯಾವ್ದು ಅಂತ ಅದ್ರಲ್ಲಿ ಎಲ್ಲೂ ಬರ್ದಿಲ್ವಲ್ಲಮ್ಮ," ಎಂದರು.

"ಇಲ್ಲ ಸರ್."

ಹುಡುಗನ ಅಣ್ಣಂದಿರು ಊರಿನಿಂದ ಟೆಂಪೊದಲ್ಲಿ ಬಂದರು. ಆಫೀಸಿನ ಕಿಟಕಿಗಳಿಗೆ ಕಲ್ಲು ಬಿತ್ತು. ಯಜಮಾನರು ಬಾಗಿಲು ಹಾಕಿಕೊಳ್ಳದೆ ಕೆಳಗಿಳಿದು ಬೀದಿಯಲ್ಲಿ ನಿಂತು ಹೊಡೆಸಿಕೊಂಡರು. ಕೈ ಎತ್ತಲಿಲ್ಲ ಎಂದು ನೋಡಿದವರು ಹೇಳಿದರು. ಪೊಲೀಸು ಸ್ಟೇಷನ್ನಿನಲ್ಲಿ ದೂರಾಯಿತು, ಪ್ರತಿದೂರಾಯಿತು, ಕೊನೆಗೆ ದೊಡ್ಡವರು ಕೂತು ರಾಜಿ ಮಾಡಿಸಿದರು. ಹುಡುಗನ ಕಿವಿಗೆ ಆಪರೇಷನ್ ಮಾಡಿಸಿದರು, ಕೇಳಿಸುವುದು ಅರ್ಧ ಬಂತು, ಪೂರ್ತಿ ಬರಲಿಲ್ಲ. ಮಗುವಿನ ಸೋದರಮಾವನನ್ನು ಜೈಲಿಗೆ ಹಾಕಿದರು. ಮಗು ಯಂತ್ರದಿಂದ ಹೊರಬಂದು, ತಾಯಿಯ ಹಾಲು ಕುಡಿದು, ಮನೆಗೆ ಹೋಯಿತು.

ಆಸ್ಪತ್ರೆಯವರು ನಮ್ಮ ಪುಟವನ್ನು ಕಿತ್ತುಹಾಕುತ್ತೇವೆ ಎಂದರು. ಬೇಡ ಎಂದವರು ದೊಡ್ಡ ಸಿಸ್ಟರ್. ಕೈಯಲ್ಲಿ ಲೆಕ್ಕ ಹಾಕಿ ತಪ್ಪಿದ್ದನ್ನೂ ಅವರು ಬೇಕಾದಷ್ಟು ಕಂಡಿದ್ದರು. "ಇರ್ಲಿ. ಆದ್ರೆ ಒಳಗೆ ಅದೇನು ಪರೀಕ್ಷೆ ಮಾಡ್ತೀರೋ, ಅದನ್ನ ನಾನು ಓದ್ಬೇಕು. ನನಗೆ ಅರ್ಥ ಆಗದೆ ಇರೋದು ನನ್ನ ವಾರ್ಡಿಗೆ ಬರಕೂಡ್ದು," ಎಂದರಂತೆ.

ಯಾರು ಓದಿದರೂ ಅರ್ಥವಾಗುವಂಥ ಟೆಸ್ಟ್ ಲೈಬ್ರರಿಗಳು ಆಗಷ್ಟೇ ಇಂಟರ್ನೆಟ್ಟಿನಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಕಂಸದೊಳಗೆ ಎರಡು ಜಾಗ ಕೊಡುವ ಬದಲು, ಇದು ಇಷ್ಟಿರಬೇಕು, ಇದು ಇದಕ್ಕಿಂತ ಹೆಚ್ಚಿರಬಾರದು ಎಂದು ವಾಕ್ಯದ ಹಾಗೆ ಬರೆಯುವಂಥವು. ಪ್ರೋಗ್ರಾಮಿನ ಉತ್ತರ ವಾಕ್ಯದ ಮೊದಲಿಗೆ, ಬರಬೇಕಾದದ್ದು ಕೊನೆಗೆ, ನಡುವೆ ಕ್ರಿಯಾಪದ. ತಿರುಗಿಸಿ ಬರೆದರೆ ಓದುವಾಗಲೇ ನಾಲಿಗೆ ತಡವರಿಸುತ್ತದೆ. ಅವುಗಳ ರೀತಿಯನ್ನೇ ಹಿಡಿದು ನಮಗೆ ಬೇಕಾದಷ್ಟನ್ನು ನಾನೇ ಕಟ್ಟಿದೆ, ತಪ್ಪಿದಾಗ ಬರುವ ಮಾತನ್ನು ಕನ್ನಡದಲ್ಲಿ ಹಾಕಿದೆ. ಮೇಲಿನ ಸಾಲು, ಎಂಟು ಕೆಜಿ ಮಗುವಿಗೆ ಹೊಸ ವಯಲ್. ಕೆಳಗೆ, ಬರಬೇಕಾದದ್ದು ಪಾಯಿಂಟ್ ನಾಲ್ಕು ಎಂಎಲ್. ಅದರ ಕೆಳಗೆ, ಬಂದದ್ದು ಇಷ್ಟು.

ಸಿಸ್ಟರ್ ಬಲಗೈ ಪ್ಲಾಸ್ಟರಿನಲ್ಲಿಟ್ಟುಕೊಂಡು, ತಲೆಯ ಹೊಲಿಗೆಯ ಮೇಲೆ ಸೆರಗು ಹೊದ್ದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಯಜಮಾನರು ಎದ್ದು ನಿಂತರು. ಅವರ ಹುಬ್ಬಿನ ಮೇಲೂ ಹೊಲಿಗೆ, ನನ್ನ ಅಂಗೈಯಲ್ಲೂ ಹೊಲಿಗೆ. ಹುಡುಗ ಮಾತ್ರ ಬಂದಿರಲಿಲ್ಲ. ಅವನು ಕೆಲಸಕ್ಕೆ ಮರಳಿದ ಮೇಲೂ ಯಜಮಾನರು ಕುರ್ಚಿಯಿಂದೇಳುವ ಸದ್ದಾದರೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದ. ಕೆಲವು ತಿಂಗಳಾದ ಮೇಲೆ ಬೇರೆ ಕಡೆ ಹೋದ.

ಸಿಸ್ಟರ್ ಗಟ್ಟಿಯಾಗಿ ಓದಿದರು. ಬಯ್ಯುತ್ತ ಓದಿದರು. ಒಂದು ಕಡೆ ಕೆಂಪು ಸಾಲು ಬಂತು. ಬರಬೇಕಾದದ್ದು ಪಾಯಿಂಟ್ ಮೂರು, ಬಂದದ್ದು ಪಾಯಿಂಟ್ ಮೂರು, ಆಮೇಲೆ ಸಾಲುಗಟ್ಟಿ ಸೊನ್ನೆಗಳು, ತುದಿಯಲ್ಲೊಂದು ನಾಲ್ಕು. ಜಾವಾಸ್ಕ್ರಿಪ್ಟು ದಶಾಂಶಗಳನ್ನು ಕೂಡುವಾಗ ಹಾಗೆ ಬಾಲ ಉಳಿಸಿಬಿಡುತ್ತದೆ.

"ಈ ಬಾಲನ ಸಿರಿಂಜ್‌ನಲ್ಲಿ ಯಾವ ಗೆರೆಗೆ ಎಳೀಲಿ? ತೋರ್ಸು ನೋಡೋಣ," ಎಂದು ಎಡಗೈಯಲ್ಲಿ ಮೇಜು ಗುದ್ದಿದರು. ಟೀ ಲೋಟ ಉರುಳಿತು. ಯಜಮಾನರು ಬೆಚ್ಚಿದರು. ನಾನು 'ಹತ್ತಿರವಿರಬೇಕು' ಎಂಬ ಇನ್ನೊಂದು ಕ್ರಿಯಾಪದ ಸೇರಿಸಿದೆ. ಎಷ್ಟು ಹತ್ತಿರ ಎಂದು ಅವರೇ ಹೇಳಿದರು.

"ತೂಕ ಹಾಕದೆ ಬಿಟ್ರೆ?"

"ಏನೂ ತೋರಿಸಬಾರದು," ಎಂದು ಓದಿ ಹೇಳಿದೆ.

"ಯಾರಾದ್ರೂ ಗ್ರಾಮ್‌ನಲ್ಲಿ ಎಂಟು ಸಾವಿರ ಅಂತ ಹೊಡುದ್ರೆ?"

ಅದನ್ನು ನಾವು ಬರೆದಿರಲಿಲ್ಲ. ಯಜಮಾನರು ಸುಮ್ಮನೆ ಕುರ್ಚಿ ಎಳೆದುಕೊಂಡು ಬಂದು ಟೈಪು ಮಾಡಿದರು, ಎಂಟು ಸಾವಿರ ಕೆಜಿಯ ಮಗು ಇರಬಾರದು. ಸಿಸ್ಟರ್ ಅದನ್ನು ಓದಿ ಮೊದಲ ಸಲ ನಕ್ಕರು, ನಗುವಾಗ ಭುಜ ನೋವಾಗಿ ಮುಖ ಕಿವುಚಿದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ನಾನು ಆಸ್ಪತ್ರೆಗೆ ಹೋದಾಗ ದೊಡ್ಡ ಸಿಸ್ಟರ್ ಔಷಧಿ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು.

"ಅವನು ಬಂದಿದ್ದ ಕಣಮ್ಮ," ಎಂದರು. "ಜಾಮೀನಲ್ಲಿ ಬಿಟ್ಟವ್ರೆ. ಕೂಸ್ನ ಎತ್ಕೊಂಡು ಬಂದಿದ್ದ, ಮತ್ತೆ ಜ್ವರ. ಬಾಗಿಲಲ್ಲಿ ಕಂಡ ಕೂಡ್ಲೇ ನನ್ ಕೈ ತಾನೇ ಎದ್ದೋಯ್ತು. ಕೆನ್ನೆಗೆ ಕೊಟ್ಟೆ. ಕೊಡ್ತಾನೇ ಇದ್ದೆ. ಕೂಸು ಅವನ ತೋಳಲ್ಲೇ ಇತ್ತು, ಅದೂ ಕಿರುಚ್ತಿತ್ತು. ಅವನು ಕೂಸ್ಗೆ ತಾಗ್ದೇ ಇರ್ಲಿ ಅಂತ ಆ ಕಡೆ ತಿರುಗ್ಸಿ ಹಿಡ್ಕೊಂಡ, ಮುಖ ನನ್ ಕಡೆಗೇ ಕೊಟ್ಟ. ಅಷ್ಟೆ. ಒಂದ್ ಮಾತೂ ಆಡ್ಲಿಲ್ಲ."

"ಆಮೇಲೆ?"

"ಆಮೇಲೇನು, ತೂಕ ನೋಡ್ದೆ. ಜ್ವರದ್ದು ಕೊಟ್ಟೆ. ಸಿರಿಂಜ್ ಮಾತ್ರ ಇನ್ನೊಬ್ಳು ಹಿಡ್ಕೊಂಡ್ಳು." ಎಡಗೈಯನ್ನು ಮಡಿಲಲ್ಲಿ ಮಗುಚಿ, "ಹೊಡ್ದಿದ್ದು ಸಾಕಾಗಲಿಲ್ಲ ಕಣಮ್ಮ," ಎಂದರು. ಅವರ ಬಲಗೈ ಭುಜದಿಂದ ಮೇಲಕ್ಕೆ ಮತ್ತೆ ಏಳಲೇ ಇಲ್ಲ.

ನಾನು ಆ ಆಫೀಸಿನಲ್ಲಿ ಮುಂದೆಯೂ ಒಂದಷ್ಟು ಕಾಲ ಇದ್ದೆ. ಯಜಮಾನರು ಮತ್ತೆ ಯಾರ ಮೇಲೂ ಕೈ ಮಾಡಿದ್ದು ನಾನು ಕಾಣಲಿಲ್ಲ. ಆದರೆ ಒಂದು ಸಲ ಸಿಟ್ಟು ಬಂದು ತಮ್ಮದೇ ಅಂಗೈಯನ್ನು ಗೋಡೆಗೆ ಬಡಿದು ಬೆರಳು ಮುರಿದುಕೊಂಡರು. ಅವತ್ತು ಅವರ ಉಳಿದ ಕೆಲಸವನ್ನು ನಾನೇ ಟೈಪು ಮಾಡಿಕೊಟ್ಟೆ. ನಮ್ಮಿಬ್ಬರ ನಡುವೆ ಆ ಊಟದ ಡಬ್ಬಿಯ ಮಾತು ಎಂದೂ ಬರಲಿಲ್ಲ.

ಆಮೇಲೆ ಸೇರಿದ ಇನ್ನೊಂದು ಆಫೀಸಿನಲ್ಲಿ, ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಟೆಸ್ಟುಗಳನ್ನು ನೋಡಿ, "ಇಷ್ಟುದ್ದ ಯಾಕೆ ಮೇಡಂ, ಅಸರ್ಟ್ ಒಂದು ಹಾಕಿದ್ರೆ ಆಗೋಯ್ತಲ್ಲ, ಓದೋದು ಕಂಪ್ಯೂಟರ್ ತಾನೇ," ಎಂದಳು. ನಗುತ್ತಲೇ ಹೇಳಿದ್ದು, ಬುದ್ಧಿವಂತೆ, ಕೆಟ್ಟ ಮನಸ್ಸಿನವಳಲ್ಲ. ನನ್ನ ಕಿವಿಯಲ್ಲಿ ರಕ್ತ ನುಗ್ಗಿದ ಸದ್ದಾಯಿತು. ನೋಡಿಕೊಂಡರೆ ಕೈ ಮೇಜಿನಿಂದ ಮೇಲೆದ್ದಿತ್ತು, ಬೆರಳುಗಳು ಮಡಚಿಕೊಂಡಿದ್ದವು. ಅವಳು ಅದನ್ನು ಗಮನಿಸಿದಳೋ ಇಲ್ಲವೋ ತಿಳಿಯದು. ಕೈಯನ್ನು ಕೆಳಗಿಳಿಸಿದೆ. ಒಂದು ಲೋಟ ನೀರು ಕುಡಿದು ಬಂದೆ. ಅವಳ ಪಕ್ಕ ಕೂತು, ಅಸರ್ಟಿನ ಕಂಸದೊಳಗಿನ ಎರಡು ಜಾಗದಲ್ಲಿ ಯಾವುದು ಯಾವುದಕ್ಕೆ ಎಂದು ಅವಳನ್ನೇ ಕೇಳಿದೆ. ಅವಳೂ ತಿರುಗಾಮುರುಗಾ ಹೇಳಿದಳು.